ಖಣಿಯೊಳಗೆ ಹೊತ್ತ ಹರಕೆ

ಎಂಬತ್ತರ ದಶಕದ ನಡುವಿನ ಮಾತು. ಪಂಚಮಿ ಹಬ್ಬಕ್ಕೆ ನನ್ನನ್ನು ತವರಿಗೆ ಕರೆದೊಯ್ಯಲು ಕುಬಿಹಾಳದಿಂದ ಅಣ್ಣ ಬಂದಿದ್ದ. ಹಿಂದಿನ ಪಂಚಮಿಗೆ ಹೊಲದ ಕೆಲಸದ ನೆವ ಹೇಳಿ ಅತ್ತೆ ಕಳಿಸಿರಲಿಲ್ಲ. ಈ ಸಲವೂ ಹೋಗದಿದ್ದರೆ ಹುಚ್ಚು ಹಿಡಿಯುತ್ತದೆ ಅನಿಸಿತ್ತು ನನಗೆ.

ನನ್ನ ಗಂಡನ ಮನೆ ಕಲಘಟಗಿ ಕಡೆ. ಬಸ್ಸಿನ ದಾರಿಯಲ್ಲೇ ಒಂದು ಪಾಳುಬಿದ್ದ ಕಲ್ಲಿನ ಖಣಿ. ಬೇಸಿಗೆಯಲ್ಲಿ ಶಿಲ್ಪಕಲೆ ಕಲಿಯುವ ಹುಡುಗರು ಬಂದು ಬಿಡಾರ ಹೂಡಿ, ಅಲ್ಲಿಯ ಬಂಡೆಗಳಲ್ಲೇ ಮೂರ್ತಿಗಳನ್ನು ಕಡೆದು ನಿಲ್ಲಿಸಿ ಹೋಗಿದ್ದರು. ನಮ್ಮನ್ನು ಬಸ್ಸು ಹತ್ತಿಸಲು ಬಂದ ಅತ್ತೆ, "ಊರ ಮಂದಿಯೆಲ್ಲಾ ನೋಡ್ಯಾರ, ನಾವೂ ನೋಡಿ ಹೋಗೂಣು" ಎಂದರು. ಬೇಡ ಅನ್ನಲು ನನಗೆಲ್ಲಿಯ ಬಾಯಿ?

ಇಳಿಯಲು ಒಂದೇ ಕಾಲುದಾರಿ. ಸುತ್ತಲೂ ಕಡಿದ ಕಲ್ಲಿನ ಗೋಡೆ, ಕೆಳಗೆ ಗಾಳಿಯೇ ಇಲ್ಲ. ಬೆನ್ನಷ್ಟೇ ಇರುವ ಕೋಣ, ಮುಖವಿಲ್ಲದ ಗಂಡಸು. ಅಣ್ಣ ನೋಡಿ ನೋಡಿ ನಗುತ್ತಿದ್ದ. ನನ್ನ ಕಿವಿಯೆಲ್ಲ ಬಸ್ಸಿನ ಹಾರ್ನಿನ ಕಡೆಗಿತ್ತು. ಮೂಲೆಯಲ್ಲಿ ಒಂದು ಹೆಣ್ಣಿನ ಮೂರ್ತಿ ಉಡಿಯಲ್ಲಿ ದುಂಡು ಕಲ್ಲಿಟ್ಟುಕೊಂಡು ಕುಳಿತಿತ್ತು. ಅದನ್ನು ಕಂಡದ್ದೇ ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು.

"ನನ್ನ ಸೊಸಿ ಉಡಿನೂ ಹಿಂಗ ತುಂಬಸವ್ವಾ. ಕೂಸಾಗೂ ತನಕ ಇಕಿನ್ನ ತವರಮನಿ ಹೊಸ್ತಿಲಾ ತುಳಸೂದಿಲ್ಲ."

ಅಲ್ಲೇ ಇದ್ದ ಕಾವಲಿನ ಮುದುಕ ಹತ್ತಿರ ಬಂದ. "ಅದು ದೇವ್ರಲ್ರಿ, ಅವ್ವಾರ. ಕಲ್ಲ ಹೊತ್ತು ದಣದು ಕುಂತ ಹೆಣ್ಮಗಳಂತ. ಕಡದವ್ರ ಹೇಳ್ಯಾರ."

"ಅತ್ತಿ, ದೇವ್ರಲ್ಲಂತ್ರಿ" ಎಂದೆ.

"ಬಾಯಾಗ ಬಂದ ಹರಕಿ ಹಿಂದಕ್ಕ ತಗೋಳಾಕ ಬರೂದಿಲ್ಲ" ಎಂದರು ಅತ್ತೆ. ತೆಂಗಿನಕಾಯಿ ಇಲ್ಲದೆ ಅವರ ಕೈಚೀಲ ಮನೆ ಬಿಡುತ್ತಿರಲಿಲ್ಲ. ಅದನ್ನು ತೆಗೆದು ಅಣ್ಣನ ಕಡೆ ಚಾಚಿದರು. "ನೀನ ಒಡಿಯಪಾ. ತವರಿನಾಂವ ಒಡದ್ರ ಹರಕಿ ಗಟ್ಟಿ."

ಅಣ್ಣ ಮುದುಕನ ಮಾತು ಕೇಳಿದ್ದ. ಆಗಷ್ಟೇ ಆ ಮೂರ್ತಿಗಳನ್ನು ನೋಡಿ ನಕ್ಕವನು ಅವನೇ. ಒಲ್ಲೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ನಾನು ಅವನ ಹಿಂದೆ ಓಡಿಯೇ ಖಣಿ ಹತ್ತುತ್ತಿದ್ದೆ. ಅವನು ನನ್ನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ ಚಪ್ಪಲಿ ಕಳಚಿ, ದಣಿದು ಕುಳಿತ ಆ ಹೆಣ್ಣಿನ ಕಾಲ ಬಳಿ ಕಾಯಿ ಒಡೆದ.

ಮೇಲೆ ಬಸ್ಸು ಬಂದು ನಿಂತ ಸದ್ದಾಯಿತು. ಅತ್ತೆ ಒಂದು ಹೋಳನ್ನು ಅವನ ಕೈಗಿತ್ತು, "ನಿಮ್ಮವ್ವಗ ಕೊಡು, ಪ್ರಸಾದ" ಎಂದರು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅತ್ತೆಯ ಮೇಲೆ ಬಾರದಷ್ಟು ಸಿಟ್ಟು ಅವನ ಮೇಲೆ ಬಂತು.