ಸಂಸೆಯಿಂದ ಒಂದು ಪಾರ್ಟ್ ಲೋಡ್

"ಎಷ್ಟು ಟನ್ ಮೇಡಂ?"

"ಮೂರು ಚೀಲ."

ಫೋನಿನ ಆ ಕಡೆಯಿಂದ ಬಹಳ ವಿನಯದಿಂದ ಉತ್ತರ ಬಂತು. "ನಮ್ಮದು ಲಾರಿ ಕಂಪನಿ ಮೇಡಂ. ನೀವು ಕೊರಿಯರ್‌ನವರನ್ನ ಕೇಳಿ."

ಕೊರಿಯರ್‌ನವರನ್ನು ಆಗಲೇ ಕೇಳಿದ್ದೆ. ಅವರು ಲಾರಿಯವರನ್ನು ಕೇಳಿ ಎಂದಿದ್ದರು! (ಸಂಸೆ ಎಂಬ ಊರು ಅವರ ಮ್ಯಾಪಿನಲ್ಲಿ ಇದೆಯಂತೆ. ಅಲ್ಲಿಗೆ ಬರುವ ಗಾಡಿ ಮಾತ್ರ ಇಲ್ಲವಂತೆ.)

ಚೀಲಗಳು ನನ್ನವಲ್ಲ, ನನ್ನ ಅತ್ತಿಗೆ ಸುಮಿತ್ರಾ ಅವರವು. ಸಂಸೆಯಲ್ಲಿ ಅವರದೊಂದು ಸಣ್ಣ ಕಾಫಿ ತೋಟವಿದೆ. ಇಷ್ಟು ವರ್ಷ ಅವರ ಕಾಫಿ ಚಿಕ್ಕಮಗಳೂರಿಗೆ ಹೋಗಿ, ಯಾರು ಯಾರದೋ ಕಾಫಿಯ ರಾಶಿಗೆ ಬಿದ್ದು, ಹೆಸರಿಲ್ಲದೆ ಮಾಯವಾಗುತ್ತಿತ್ತು. ಈ ಸಲ ಅವರಿಗೆ ಹಟ ಬಂತು. ಕೆಂಪಾದ ಹಣ್ಣನ್ನಷ್ಟೇ ಕುಯ್ದು, ಅಂಗಳದಲ್ಲಿ ನೆಟ್ ಬಿಗಿದ ಬಿದಿರಿನ ಮಂಚ ಹಾಕಿ, ಅದರ ಮೇಲೆ ಒಣಗಿಸಿದರು. ದಿನವಿಡೀ ಕೈಯಾಡಿಸುವುದು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವುದು. "ಸುಮಿತ್ರಕ್ಕ ಕಾಫಿಗೂ ಮಂಚ ಹಾಕಿ ಮಲಗಿಸ್ತಾರೆ" ಎಂದು ಅಕ್ಕಪಕ್ಕದವರು ನಕ್ಕಿದ್ದೇ ನಕ್ಕಿದ್ದು.

ಅತ್ತಿಗೆ ಕೇರ್ ಮಾಡಲಿಲ್ಲ. ಚಿಕ್ಕಮಗಳೂರಿನ ವ್ಯಾಪಾರಿಯೊಬ್ಬರು, ರುಚಿ ಒಪ್ಪಿಗೆಯಾದರೆ ಬೆಳೆದವರ ಹೆಸರಿನಲ್ಲೇ ಪ್ಯಾಕೆಟ್ ಮಾಡುತ್ತೇನೆ ಎಂದಿದ್ದರು. ಪ್ಯಾಕೆಟ್ಟಿನ ಮೇಲೆ ತಮ್ಮ ಹೆಸರು! ಬೇರೆ ಏನೂ ಬೇಕಿರಲಿಲ್ಲ ಅವರಿಗೆ.

ಕೊನೆಗೆ ಕೈ ಹಿಡಿದದ್ದು ಕಳಸದ ರಫೀಕಣ್ಣನ ಲಾರಿ. (ಮೊದಲೇ ಅವರಿಗೆ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಸ್ಪೆಷಲ್ ಕಾಫಿ, ಸ್ಪೆಷಲ್ ಆಗಿಯೇ ಹೋಗಲಿ ಎಂಬ ಗತ್ತು ನನಗೆ.) ರಫೀಕಣ್ಣ ಟನ್ ಲೆಕ್ಕ ಕೇಳುವವರಲ್ಲ. ಒಬ್ಬರ ಎರಡು ಚೀಲ ಮೆಣಸು, ಇನ್ನೊಬ್ಬರ ಅಡಿಕೆ, ರಿಪೇರಿಗೆ ಹೊರಟ ಗ್ರೈಂಡರ್, ಯಾರದೋ ಮಗಳ ಮನೆಗೆ ಹೋಗುವ ಬೀರು, ಎಲ್ಲಕ್ಕೂ ಅವರ ಲಾರಿಯಲ್ಲಿ ಜಾಗವಿದೆ. ಪಾರ್ಟ್ ಲೋಡ್ ಎಂದರೆ ಇದೇ. ಮನೆಯಿಂದ ಮನೆಗೆ ಒಂದು ಗುಡ್ಡ ದಾಟಬೇಕಾದ ಊರು ನಮ್ಮದು. ಒಬ್ಬರ ಸಾಮಾನಿನಿಂದಲೇ ಲಾರಿ ತುಂಬಬೇಕೆಂದರೆ ಇಲ್ಲಿ ಲಾರಿ ಹೊರಡುವುದೇ ಇಲ್ಲ. ಹಾಗಂತ ನಮ್ಮ ಕಾಫಿ ಯಾವತ್ತಾದರೂ ಗುಡ್ಡ ದಾಟದೆ ಉಳಿದಿದೆಯೇ? ನನಗಂತೂ ಇದು ಹೆಮ್ಮೆಯ ವಿಷಯ, ಯಾರು ಏನೇ ಅಂದುಕೊಳ್ಳಲಿ.

ಚೀಲಗಳು ಅದಲುಬದಲಾಗುವುದಿಲ್ಲವೇ? ಇಲ್ಲ. ಹಳೆ ಗೋಣಿಚೀಲದ ಮೇಲೆ ಮೂರು ಮೂರು ಜನರ ಹೆಸರಿರುತ್ತದೆ, ಅದನ್ನು ನಂಬಿದರೆ ಕೆಟ್ಟೆವು. ಅದಕ್ಕೇ ಚೀಲದ ಬಾಯಿಗೆ ನಮ್ಮ ಮನೆಯ ಹಳೆ ಸೀರೆಯ ಚೂರು ಕಟ್ಟುತ್ತೇವೆ. ಮನೆಗೊಂದು ಬಣ್ಣ. ಗುರುತು ಹಿಡಿಯಲು ಅಷ್ಟು ಸಾಕು.

ಈ ಸಲ ಸಾಕಾಗಲಿಲ್ಲ.

ಅತ್ತಿಗೆ ಮತ್ತು ನಾನು ಬಸ್ಸಿನಲ್ಲಿ ಚಿಕ್ಕಮಗಳೂರು ತಲುಪಿ ವ್ಯಾಪಾರಿಯ ಗೋಡೌನಿಗೆ ಹೋದರೆ, ರಫೀಕಣ್ಣ ಟಾರ್ಪಾಲು ಬಿಚ್ಚಿ ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ. ಸಂಸೆಯ ಅಷ್ಟೂ ಕಾಫಿ ಚೀಲಕ್ಕೆ ನೇರಳೆ ಬಣ್ಣದ ಚೂರು!

"ಎಂತ ಮಾರಾಯ್ರೆ ಇದು? ಇಡೀ ಊರು ಒಂದೇ ಸೀರೆ ಉಡ್ತದಾ? ಯಾರದ್ದು ಎಷ್ಟು ಚೀಲ ಅಂತ ಗೊತ್ತುಂಟು ಅಕ್ಕ, ಯಾವ್ದು ಯಾರದ್ದು ಅಂತ ಹೆಂಗೆ ಹೇಳ್ಲಿ?"

ನನಗೆ ತಕ್ಷಣ ಹೊಳೆಯಿತು. ಮಹಿಳಾ ಸಂಘದ ಯೂನಿಫಾರ್ಮ್ ಸೀರೆ! ಸಂಘದ ಸಮಾರಂಭಕ್ಕೆಂದು ಎಲ್ಲರೂ ಒಂದೇ ಬಣ್ಣದ್ದು ತಂದಿದ್ದರು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಉಡುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಅದನ್ನು ಹರಿದು ಚೀಲಕ್ಕೆ ಕಟ್ಟುವ ಉಪಾಯ ಎಲ್ಲರ ತಲೆಗೂ ಒಟ್ಟಿಗೇ ಬಂದಿದೆ.

"ಅದಕ್ಕೆಂತ? ನನ್ನ ಕಾಫಿ ನಂಗೆ ಗೊತ್ತಾಗೋದಿಲ್ವಾ?" ಎಂದು ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಚೀಲ ಬಿಚ್ಚಿಸಿದರು. ಮುಷ್ಟಿ ತುಂಬ ತೆಗೆದು ಮೂಸಿದರು. ಇದು ನನ್ನದು. ಇದೂ ನನ್ನದು. ಒಂದೇ ಸಮ ಒಣಗಿದ, ಬೆಲ್ಲದ ಪರಿಮಳದ ಕಾಫಿ. ಪಕ್ಕಕ್ಕೆ ಇಡಿಸುತ್ತಾ ಹೋದರು. ಇಡಿಸುತ್ತಲೇ ಹೋದರು.

"ನಂದು ಮೂರೇ ಚೀಲ ಮಾರಾಯ್ತಿ. ಇಲ್ಲಿ ಒಂಬತ್ತಾಯ್ತಲ್ಲೇ!"

ಪಕ್ಕದ ಮನೆಯ ಶಾಂತಾಳಿಗೆ ಫೋನ್ ಹಚ್ಚಿದರು. ನಕ್ಕವರಲ್ಲಿ ಇವಳೇ ಮೊದಲಿನವಳು. "ನೀನೂ ಮಂಚ ಹಾಕಿದ್ಯೇನೆ?"

ಅವಳು ತಡವರಿಸಿದಳು. "ಹಿತ್ಲಲ್ಲಿ ಹಾಕಿದ್ದೆ ಅಕ್ಕ. ವಿಮಲ ಹಾಕಿದ್ಲು, ಇನ್ನೂ ಇಬ್ರು ಹಾಕಿದ್ರು. ನೀವು ಮಾಡಿದ್ದನ್ನ ನೋಡಿ ನೋಡಿ ಮಾಡಿದ್ದು. ಹಾಳಾದ್ರೆ ನೀವು ನಗ್ತೀರಿ ಅಂತ ಹೇಳ್ಲಿಲ್ಲ."

ಅತ್ತಿಗೆ ಒಂದು ಚೀಲದ ಮೇಲೆ ಕುಳಿತುಬಿಟ್ಟರು. ಸಿಟ್ಟೋ ನಗುವೋ ತಿಳಿಯಲಿಲ್ಲ. ನಾನು ಮೆಲ್ಲಗೆ, "ಚೆನ್ನಾಗಿರೋ ಮೂರನ್ನ ನಿಮ್ದು ಅಂತ ತೋರಿಸಿಬಿಡಿ ಅತ್ತಿಗೆ" ಎಂದೆ.

"ಶಾಂತನ ಕಾಫಿಗೆ ನನ್ನ ಹೆಸರು ಹಾಕಿಸ್ಕೊಂಡು ಅವಳ ಮನೆ ಮುಂದೆ ಹೆಂಗೆ ಓಡಾಡ್ಲಿ?" ಎಂದು ಗದರಿದರು. ಒಂಬತ್ತೂ ಚೀಲದಿಂದ ಬೇರೆ ಬೇರೆ ಸ್ಯಾಂಪಲ್ ತೆಗೆಸಿದರು.

ಆ ದಿನ ನೆಂಟರ ಮನೆಯಲ್ಲಿ ಉಳಿದೆವು. ಅತ್ತಿಗೆಗೆ ಊಟ ಸೇರಲಿಲ್ಲ. ಮರುದಿನ ವ್ಯಾಪಾರಿ ಹುರಿದು, ಸಾಲಾಗಿ ಲೋಟಗಳನ್ನಿಟ್ಟು, ಚಮಚದಲ್ಲಿ ಸೊರ್ರೆಂದು ಹೀರಿ ಹೀರಿ ನೋಡಿದರು. ಎರಡರಲ್ಲಿ, ಚೀಲ ಮೂಸಿದಾಗ ಗೊತ್ತಾಗದಿದ್ದ ಹೊಗೆ ವಾಸನೆ. ಮಳೆಗೆ ಹೆದರಿ ಯಾರೋ ಅಡುಗೆಮನೆಯ ಅಟ್ಟಕ್ಕೇರಿಸಿದ್ದಾರೆ. (ಯಾರೆಂದು ನನಗೆ ಗೊತ್ತು, ಬರೆಯುವುದಿಲ್ಲ. ಆ ಮನೆಯ ಕಡುಬು ನನಗೆ ಇನ್ನೂ ಬೇಕು.) ಉಳಿದ ಏಳೂ ಪಾಸ್! ಇಂಥ ಕಾಫಿ ಈ ವರ್ಷ ಕುಡಿದಿಲ್ಲ ಎಂದರು ಆ ಮನುಷ್ಯ.

"ಇದ್ರಲ್ಲಿ ನಿಮ್ದು ಯಾವುದಮ್ಮ?"

"ಗೊತ್ತಿಲ್ಲ" ಎಂದರು ಅತ್ತಿಗೆ. ಅಷ್ಟು ಜಂಬದಿಂದ ಯಾರಾದರೂ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿಯೇ ಇಲ್ಲ.

"ಹಾಗಾದ್ರೆ ಪ್ಯಾಕೆಟ್ ಮೇಲೆ ಯಾರ ಹೆಸರು ಹಾಕ್ಲಿ?"

"ಐದೂ ಜನರದ್ದು ಹಾಕಿ. ಅಟ್ಟಕ್ಕೆ ಏರಿಸಿದವ್ಳನ್ನೂ ಬಿಡ್ಬೇಡಿ, ಮುಂದಿನ ವರ್ಷ ಸರಿ ಮಾಡ್ತಾಳೆ."

"ಅಷ್ಟು ಹೆಸರಿಗೆ ಜಾಗ ಎಲ್ಲಿದೆ ಅಮ್ಮ?"

"ಪ್ಯಾಕೆಟ್ ದೊಡ್ಡದು ಮಾಡಿ."