ಬದಲಾವಣೆಗೆ ಕಾರಣ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಜಾತಕದಕ್ಕ ಎಂದೇ ಕರೆಯುತ್ತಿದ್ದರು. ಆರಂತಸ್ತಿನ ಆ ಆಸ್ಪತ್ರೆ ಏಳಬೇಕಾದರೆ ಒಂದೊಂದು ಕೆಲಸಕ್ಕೂ ಅವಳು ಜಾತಕದ ಹಾಗೆ ಒಂದೊಂದು ಹಾಳೆ ಬರೆಯಬೇಕು: ಇದಕ್ಕೆ ಮೊದಲು ಏನು ಮುಗಿದಿರಬೇಕು, ಇದಾದ ಮೇಲೆ ಯಾವುದು, ಎಷ್ಟು ದಿನ, ಮಾಡುವವರು ಯಾರು. ಹಾಳೆಯಿಲ್ಲದೆ ಅಲ್ಲಿ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಬಣ್ಣದವನಿಗೆ ಜ್ವರ ಬಂದರೂ ಹೆಸರು ತಿದ್ದಿ, ಕೆಳಗೆ ‘ಬದಲಾವಣೆಗೆ ಕಾರಣ’ ಎಂಬ ಸಾಲು ತುಂಬಬೇಕು. ಕಂಡವರ ಜ್ವರ, ಜಗಳ, ಮದುವೆಗಳನ್ನೆಲ್ಲ ಆ ಸಾಲಿನಲ್ಲಿ ಬರೆದು ಅವಳ ಕೈ ಪಳಗಿತ್ತು.

ಲಿಫ್ಟ್ ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಅವಳ ಗಂಡನ ಹೆಸರು ಹಾಗೇ ಇತ್ತು. ಲಿಫ್ಟ್ ಜೋಡಿಸುವುದರಲ್ಲಿ ಅವನದು ಎತ್ತಿದ ಕೈ. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಶೂ ಹಾಕಿಕೊಳ್ಳಲು ಕೂತವನು ಮತ್ತೆ ಏಳಲೇ ಇಲ್ಲ. ವಾರ ಕಳೆದು ಅವಳು ಕೆಲಸಕ್ಕೆ ಬಂದಳು. ಅಳು ಬರಲಿಲ್ಲ, ಮನಸ್ಸು ಮರಗಟ್ಟಿತ್ತು, ಅಷ್ಟೆ. ಒಂದು ವಾರದ ಮಟ್ಟಿಗೆ ತಾರೀಖು ಮುಂದೂಡಿದರೆ ಕಾರಣ ಬರೆಯಬೇಕಿರಲಿಲ್ಲ. ಹಾಗಾಗಿ ಪ್ರತಿ ಸೋಮವಾರ ಆ ಹಾಳೆಯನ್ನು ಒಂದು ವಾರ ಮುಂದೆ ತಳ್ಳುತ್ತಿದ್ದಳು. ಇಂಜಿನಿಯರು ಓದುವ ಪೈಕಿಯಲ್ಲ, ಸಹಿ ಹಾಕುವ ಪೈಕಿ. ಯಾರ ಕಣ್ಣಿಗೂ ಬೀಳಲಿಲ್ಲ.

ಹದಿನೇಳನೆಯ ಸೋಮವಾರ ಹೊಸ ಲಿಫ್ಟ್ ಮೆಕ್ಯಾನಿಕ್ ಅವಳ ಮೇಜಿನ ಮುಂದೆ ನಿಂತ.

“ಅಕ್ಕಾ, ಮೂರು ವಾರದಿಂದ ಬೆಂಚು ಬಿಸಿ ಮಾಡ್ತಾ ಕೂತಿದ್ದೀನಿ. ನನ್ನ ಹೆಸರಲ್ಲಿ ಹಾಳೆ ಇಲ್ಲ ಅಂತ ಸ್ಟೋರಿನವರು ಸೇಫ್ಟಿ ಬೆಲ್ಟ್ ಕೊಡ್ತಿಲ್ಲ. ಇವತ್ತೂ ಹೀಗೇ ಆದ್ರೆ ನಾಳೆಯಿಂದ ಬರಬೇಡ ಅಂದಿದ್ದಾರೆ.”

ಇವನ ಅನ್ನಕ್ಕೆ ತಾನು ಕಲ್ಲು ಹಾಕುತ್ತಿದ್ದೇನೆ ಎಂದು ಅವಳಿಗೆ ಆಗಲೇ ಹೊಳೆದದ್ದು.

“ಎಷ್ಟು ದಿನದ ಕೆಲಸ?” ಎಂದಳು.

“ಎರಡೇ ದಿನ ಅಕ್ಕಾ. ಹಿಂದಿನವರು ಎಲ್ಲಾ ಎಷ್ಟು ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ! ಯಾಕೆ ಬಿಟ್ಟು ಹೋದ್ರು? ಬೇರೆ ಕಡೆ ಒಳ್ಳೇ ಕೆಲಸ ಸಿಕ್ತಾ?”

ಅವಳು ಹಾಳೆ ಎಳೆದುಕೊಂಡು ಗಂಡನ ಹೆಸರಿನ ಮೇಲೆ ಗೆರೆ ಎಳೆದಳು. ಕೆಳಗಿನ ಸಾಲಿನಲ್ಲಿ ಬರೆದಳು: ತೀರಿಕೊಂಡರು. ಎಲ್ಲರಿಗೂ ಬರೆಯುವ ಅದೇ ದುಂಡನೆಯ ಅಕ್ಷರ. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

“ಹೋಗಪ್ಪ, ಬೆಲ್ಟ್ ತಗೋ.”

ಬುಧವಾರ ಸಂಜೆ ಲಿಫ್ಟ್ ಆರನೆಯ ಅಂತಸ್ತಿಗೆ ಹೋಗಿ ಇಳಿದು ಬಂತು. ‘ಮುಗಿಯಿತು’ ಎಂದು ಬರೆದು ಅವಳು ಹಾಳೆಯನ್ನು ಫೈಲಿಗೆ ಸೇರಿಸಿದಳು. ಮುಂದಿನ ಸೋಮವಾರ ಬೆಳಿಗ್ಗೆ ಎಂದಿನಂತೆ ಪೆನ್ನು ತೆಗೆದು ಕೂತಾಗ, ತಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.