ಮರಳುಗಾಡಿನ ಪೇಟೆಯಲ್ಲಿ ನಿಂಬೆಹಣ್ಣು ಅಲ್ಲಾಡಿಸಿದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಊರಿಗೆ ಹೋದರೂ ಅದನ್ನು ರಾಮನಗರವೆಂದೇ ತಿಳಿದು ನಡೆಯಲು ಶುರುಮಾಡುತ್ತೇನೆ. ನಮ್ಮೂರಿನಲ್ಲಿ ನಡೆಯುವುದೆಂದರೆ ಸುಮ್ಮನೆ ಕಾಲು ಹಾಕುವುದಲ್ಲ. ದಾರಿಯುದ್ದಕ್ಕೂ 'ಎಲ್ಲಿಗೆ?' ಎಂದು ಕೇಳುವವರಿಗೆ 'ಇಲ್ಲೇ ಒಸಿ' ಎಂದು ಉತ್ತರ ಕೊಡುತ್ತಾ ಸಾಗಬೇಕು. ಕೇಳುವವನಿಗೆ ಉತ್ತರ ಬೇಕಿಲ್ಲ, ಹೇಳುವವನಿಗೂ ಹೋಗುವ ಜಾಗದ ಖಾತ್ರಿ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಬಸ್ ಸ್ಟ್ಯಾಂಡಿನಿಂದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹದಿನೈದು 'ಎಲ್ಲಿಗೆ' ದೂರ. ಮಳೆ ಬಂದರೆ ಹತ್ತು.

ಇಂಥವನು ಒಮ್ಮೆ ಮರಳುಗಾಡಿನ ಒಂದು ದೊಡ್ಡ ಪಟ್ಟಣಕ್ಕೆ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿರುವ ನನ್ನ ತಂಗಿಯ ಗಂಡನಿಗೆ ಬೇಸರವಾದೀತು. ಅವರು ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಆ ಪಟ್ಟಣದ ವರ್ಕ್‌ಷಾಪೊಂದನ್ನು ಸೇರಿದವರು. ತಂಗಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಹೊರಟ ಅಮ್ಮನಿಗೆ ವಿಮಾನವೆಂದರೆ ಭಯ, ಅಮ್ಮನ ರಾಗಿಹಿಟ್ಟಿನ ಗಂಟಿಗೆ ಕಾವಲು ಬೇಕು. ಹಾಗಾಗಿ ನಾನು ಜೊತೆಗೆ ಹೋದೆ. ಬಾಣಂತಿಯ ಮನೆಯಲ್ಲಿ ಗಂಡಸು ಕಾಲಿಗೆ ತೊಡರುವ ಮಣೆಯ ಹಾಗೆ. ಎರಡನೆಯ ದಿನವೇ ಅಮ್ಮ, "ಓಗು, ಊರಾದ್ರೂ ನೋಡ್ಕಂಡ್ ಬಾ ಓಗು" ಎಂದು ಅಟ್ಟಿದಳು.

ನನಗೂ ಹೊರಗೆ ಒಂದು ಕೆಲಸವಿತ್ತು. ಅದನ್ನು ಹೇಳಬೇಕಾದರೆ ನನ್ನ ಮೇಲೆ ನಾನೇ ಚಾಡಿ ಹೇಳಿಕೊಳ್ಳಬೇಕು. ಹಿಂದೆ ನನಗೊಂದು ರೇಷ್ಮೆ ನೂಲು ಬಿಚ್ಚುವ ಶೆಡ್ಡು ಇತ್ತು. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಾ ಹೋದಂತೆ ಅಲ್ಲಿ ದುಡಿಯುವವರಿಗೆ ಬಾಡಿಗೆ ರೂಮು ಸಾಲದಾಯಿತು. ಬಿಸಿನೀರು, ಹೊಗೆ, ಸತ್ತ ಹುಳದ ವಾಸನೆ ಇವೆಲ್ಲ ಯಾರಿಗೆ ಬೇಕು ಎನ್ನಿಸಿ, ಒಂದು ಸಂಜೆ ಶೆಡ್ಡಿಗೆ ಬೀಗ ಹಾಕಿದೆ. ಒಳಗೆ ಗೋಡೆ ಎಬ್ಬಿಸಿ, ಮಂಚ ಹಾಕಿಸಿ, ರೂಮು ಮಾಡಿದೆ. ಹನ್ನೆರಡು ವರ್ಷ ನನ್ನಲ್ಲಿ ನೂಲು ಬಿಚ್ಚಿದ ಅಯೂಬನಿಗೆ ಮೊದಲೇ ಒಂದು ಮಾತು ಹೇಳಲಿಲ್ಲ. ಅವನ ತಾಯಿ ಫಾತಿಮಾಬಿ ಬಂದು ಕೇಳಿದಾಗ ಮುಖ ನೋಡಲಾರದೆ, "ರಿಪೇರಿ ಇದೆ, ಎರಡು ತಿಂಗಳಲ್ಲಿ ತೆರೀತೀನಿ" ಎಂದುಬಿಟ್ಟೆ. ಅಯೂಬ ಯಾರನ್ನೋ ಹಿಡಿದು ಮರಳುಗಾಡಿಗೆ ಹೋದ. ಮೂರು ವರ್ಷವಾಯಿತು. ಈಚೆಗೆ ಒಂದು ವರ್ಷದಿಂದ ಫೋನೂ ಇಲ್ಲ. ನಾನು ಅದೇ ಊರಿಗೆ ಹೊರಟಿದ್ದೇನೆಂದು ಕೇಳಿ ಫಾತಿಮಾಬಿ ನಮ್ಮ ಜಗುಲಿಗೆ ಬಂದರು. "ಅಳೇ ಪ್ಯಾಟೇಲಿ ಮಸಾಲೆ ಅಂಗ್ಡಿ ಅಂತೆ, ಪಕ್ಕದಾಗೆ ಮಸೀದಿ ಐತಂತೆ. ಉಡುಕ್ಬುಡಪ್ಪ" ಎಂದರು. ಪೇಟೆ ಅಂದಮೇಲೆ ಎಷ್ಟಿದ್ದೀತು, ನಮ್ಮ ಗೂಡಿನ ಮಾರ್ಕೆಟ್ಟಿನಷ್ಟು ತಾನೆ ಎಂದುಕೊಂಡು ಆಗಲಿ ಎಂದೆ.

ಮೊದಲ ದಿನವೇ ನನ್ನ ಎದೆ ಒಡೆಯಿತು. ಮಧ್ಯಾಹ್ನ ಒಂದೂವರೆಗೆ ಪೇಟೆ ತಲುಪಿದರೆ ಇಡೀ ಬೀದಿಯ ಷಟರುಗಳು ಕೆಳಗಿವೆ. ನರಪಿಳ್ಳೆ ಇಲ್ಲ. ನಮ್ಮಲ್ಲಿ ಹೀಗೆ ಹಾಡುಹಗಲೇ ಅಂಗಡಿ ಮುಚ್ಚಬೇಕಾದರೆ ಬಂದ್ ಆಗಿರಬೇಕು, ಇಲ್ಲವೇ ಯಾರೋ ದೊಡ್ಡವರು ಹೋಗಿರಬೇಕು. ನೆರಳಿನಲ್ಲಿ ನಿಂತಿದ್ದ ಕೇರಳದವನೊಬ್ಬನನ್ನು ನನಗೆ ತಿಳಿದಷ್ಟು ಹಿಂದಿಯಲ್ಲಿ, "ಯಾರು ತೀರಿಕೊಂಡರು?" ಎಂದು ತಗ್ಗಿದ ದನಿಯಲ್ಲಿ ಕೇಳಿದೆ. ಅವನು ಗಾಬರಿಯಾಗಿ ಎದೆ ಮುಟ್ಟಿಕೊಂಡ. ಆಮೇಲೆ ತಿಳಿಯಿತು, ಇಲ್ಲಿ ಬಿಸಿಲಿಗೆ ಹೆದರಿ ದಿನವೂ ನಾಲ್ಕರ ತನಕ ಅಂಗಡಿ ಮುಚ್ಚುತ್ತಾರೆ. ನಾನು ಅಷ್ಟು ಹೊತ್ತು ಬಸ್ ನಿಲ್ದಾಣದಲ್ಲಿ ಕುಳಿತೆ. ಆ ನಿಲ್ದಾಣಕ್ಕೆ ಗಾಜಿನ ಬಾಗಿಲು, ಒಳಗೆ ಏಸಿ! ಬಸ್ಸು ಕಾಯುವವರಿಗೆ ಚಳಿಯಾಗುವ ಊರನ್ನು ನಾನು ನೋಡಿರಲಿಲ್ಲ. ಆಗ ತಾನೇ ಜಿಲ್ಲಾ ಕೇಂದ್ರವಾಗಿದ್ದ ನಮ್ಮೂರಿನ ಬಗ್ಗೆ ಬೀಗುತ್ತಾ ವಿಮಾನ ಹತ್ತಿದ್ದ ನಾನು ಅಲ್ಲಿ ಕುಳಿತೇ ಒಂದಿಷ್ಟು ಕುಗ್ಗಿದೆ.

ನಾಲ್ಕಕ್ಕೆ ಷಟರುಗಳು ಎದ್ದವು. ಆಮೇಲೆ ನೋಡಿದ್ದೆಲ್ಲ ಬೆಚ್ಚಿ ಬೀಳಿಸುವಂಥದೇ. ಒಂದು ಬೀದಿಯ ತುಂಬ ಚಿನ್ನ. ನಮ್ಮಲ್ಲಿ ಒಂದೆಳೆ ಸರವನ್ನು ಕೆಂಪು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀರುವಿನ ಕೀಲಿಯನ್ನು ಎಲ್ಲಿಟ್ಟೆವೆಂದು ಮರೆಯುತ್ತೇವೆ. ಅಲ್ಲಿ ಚಿನ್ನದ ಅಂಗಿಯನ್ನೇ ಗಾಜಿನಾಚೆ ನೇತುಹಾಕಿದ್ದಾರೆ. ಅದನ್ನು ತೊಟ್ಟು ಯಾರು ಬಸ್ಸು ಹತ್ತುತ್ತಾರೋ. ಇನ್ನೊಂದು ಬೀದಿಯಲ್ಲಿ ಬರೀ ಅತ್ತರು, ಮತ್ತೊಂದರಲ್ಲಿ ಬರೀ ಸೂಟ್‌ಕೇಸು. ಆದರೆ ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಬೇರೆ. ಮೂರು ದಿನ ಬೀದಿ ಬೀದಿ ಸುತ್ತಿದರೂ ಒಬ್ಬನೂ 'ಎಲ್ಲಿಗೆ?' ಎಂದು ಕೇಳಲಿಲ್ಲ. ಕೇಳುವವರಿಲ್ಲದ ನಡಿಗೆ ಎಷ್ಟು ಉದ್ದವೆಂದು ನನಗೆ ಆಗಲೇ ತಿಳಿದದ್ದು. ಆ ಮೌನದಲ್ಲಿ ಫಾತಿಮಾಬಿಯ ಮಾತೇ ಕೇಳಿಸುತ್ತಿತ್ತು. ಮಸೀದಿಯ ಪಕ್ಕದ ಮಸಾಲೆ ಅಂಗಡಿಯಂತೆ! ಆ ಪೇಟೆಯಲ್ಲಿ ಎಲ್ಲಿ ನಿಂತರೂ ಒಂದು ಮಸೀದಿ, ಎಲ್ಲಿ ತಿರುಗಿದರೂ ಮಸಾಲೆ ಅಂಗಡಿ. ಸಿಕ್ಕರೆ ಅವನಿಗೇನು ಹೇಳುವುದು ಎಂಬ ಚಿಂತೆ ಬೇರೆ. ನಿಜ ಹೇಳುತ್ತೇನೆ, ಸಿಗದಿದ್ದರೆ ಒಳ್ಳೆಯದೆಂದು ಒಂದೆರಡು ಸಲ ಅನ್ನಿಸಿತ್ತು.

ನಾಲ್ಕನೆಯ ದಿನ ಒಂದು ಅಂಗಡಿಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಗೋಣಿಚೀಲದ ಬಾಯಿ ಮಡಚಿಟ್ಟಿದ್ದಾರೆ, ಒಳಗೆ ಮಾಸಲು ಹಳದಿಯ, ಹಗುರಾದ ಉಂಡೆಗಳ ರಾಶಿ. ಥೇಟ್ ನಮ್ಮ ಗೂಡು! ಗೂಡಿನ ಮಾರ್ಕೆಟ್ಟಿನಲ್ಲಿ ಬೆಳೆದವನ ಕೈ ಅಂಥ ರಾಶಿ ಕಂಡರೆ ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಮೇಲಿನ ಗೂಡನ್ನು ನಂಬಬಾರದೆಂಬುದು ನಮ್ಮ ಮೊದಲ ಪಾಠ. ತಳದಿಂದ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಹುಳ ಕಟಕಟ ಎಂದರೆ ಗೂಡು ಗಟ್ಟಿ, ಸದ್ದಿಲ್ಲದಿದ್ದರೆ ಒಳಗೇ ಕೊಳೆತು ಅಂಟಿದೆ ಎಂದರ್ಥ. ನಾನು ಮೊಣಕೈತನಕ ಕೈಯಿಳಿಸಿ ತಳದಿಂದ ಒಂದನ್ನು ಎತ್ತಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಅಲ್ಲಾಡಿಸಿದೆ. ಕಟಕಟ ಎಂದಿತು. ತಲೆದೂಗಿ ಇನ್ನೊಂದನ್ನು ಎತ್ತಿದೆ. ಅಂಗಡಿಯ ಯಜಮಾನ ಲೆಕ್ಕ ಬಿಟ್ಟು ಎದ್ದು ನಿಂತು ನನ್ನನ್ನೇ ನೋಡುತ್ತಿದ್ದ.

ಎದುರಿನ ಅಂಗಡಿಯಿಂದ ಒಂದು ಕೂಗು ಬಂತು. "ಅಣ್ಣಾ, ಅದು ಗೂಡಲ್ಲ! ಒಣಗ್ಸಿದ್ ನಿಂಬೆಅಣ್ಣು! ಉಳ ಇರಾಕಿಲ್ಲ ಅದ್ರಾಗೆ!"

ಅಯೂಬ. ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗೆ ಬಿತ್ತು. ಅವನು ಓಡಿ ಬಂದು ಯಜಮಾನನನ್ನು ಸಮಾಧಾನ ಮಾಡಿ, ನನ್ನನ್ನು ತನ್ನ ಅಂಗಡಿಯ ಮೂಟೆಯ ಮೇಲೆ ಕೂರಿಸಿ, ಪುಟ್ಟ ಗಾಜಿನ ಲೋಟದಲ್ಲಿ ಚಹಾ ಕೊಟ್ಟ. "ಬೆನ್ನು ನೋಡಿ ಯಾರೋ ಅನ್ಕಂಡೆ. ಕಿವಿ ತಾವ ಅಲ್ಲಾಡ್ಸಿದ್ ನೋಡಿ ನಮ್ಮೂರೋರೇ ಅಂತ ಗೊತ್ತಾಯ್ತು" ಎಂದು ನಕ್ಕ.

ನಾನು ಚಹಾ ಕುಡಿಯಲಿಲ್ಲ. ಅವನ ಕೈ ನೋಡುತ್ತಿದ್ದೆ. ನನಗೆ ಗೊತ್ತಿದ್ದ ಅಯೂಬನ ಕೈ ಬೇರೆ. ದಿನವಿಡೀ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಬೆಂದು, ಬಿಳಿಚಿ, ಸುಲಿದು ಹೋಗಿರುತ್ತಿದ್ದವು. ಈಗ ಚಹಾ ಕೊಟ್ಟ ಕೈ ಒಣಗಿ, ತುಂಬಿಕೊಂಡು, ಎಲ್ಲರ ಕೈಯಂತೆ ಇತ್ತು. ಉಗುರುಗಳೂ ಬಂದಿದ್ದವು.

"ಕೈ?" ಎಂದೆ.

"ವಾಸಿ ಆಗೋಯ್ತಣ್ಣ. ಇಲ್ಲಿ ನೀರೇ ಮುಟ್ಟಂಗಿಲ್ವಲ್ಲ. ಆರ್ ತಿಂಗ್ಳಿಗೆ ಒಸಾ ಚರ್ಮ ಬಂತು. ಈಗ ಊಟಕ್ಕೆ ಕುಂತ್ರೆ ಕಾರ ಉರಿಯಾಕಿಲ್ಲ" ಎಂದ.

ಹನ್ನೆರಡು ವರ್ಷ ಅವನು ನನ್ನ ಶೆಡ್ಡಿನ ಮೂಲೆಯಲ್ಲಿ ಕುಳಿತು ಊಟ ಮಾಡಿದ್ದಾನೆ. ಅವನಿಗೆ ಸಾರು ಉರಿಯುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಚಿನ್ನದ ಅಂಗಿ ಕಂಡು ಬೆಚ್ಚಿದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಅವನ ಅನ್ನ ಕಿತ್ತುಕೊಂಡೆನಲ್ಲಾ ಎಂದು ಮೂರು ವರ್ಷ ಮರುಗಿದವನು ನಾನು. ಅವನ ಕೈ ಉರಿಯುತ್ತಿದ್ದ ಹನ್ನೆರಡು ವರ್ಷಗಳಲ್ಲಿ ಒಂದು ದಿನವೂ ಮರುಗಿರಲಿಲ್ಲ. ತಪ್ಪನ್ನು ಕೂಡ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ.

ಹಾಗೆಂದು ಅವನು ನನ್ನನ್ನು ಸುಮ್ಮನೆ ಬಿಡಲಿಲ್ಲ. "ಆವತ್ ಬೆಳಿಗ್ಗೆ ಊಟದ್ ಡಬ್ಬಿ ಇಡ್ಕಂಡ್ ಬಂದೆ, ಬೀಗ ಇತ್ತು. ಒಂದ್ ಮಾತ್ ಯೋಳ್ಬೋದಿತ್ತಲ್ಲಣ್ಣ" ಎಂದ. ಆಮೇಲೆ, ಮನೆಗೆ ಫೋನು ಯಾಕಿಲ್ಲ ಎಂದರೆ, "ಅಮ್ಮಿ ಮೊದ್ಲು ಕೇಳಾದೇ ಅದು, ಶೆಡ್ ತೆರೀತಾರಂತೆ, ಯಾವಾಗ್ ಬತ್ತೀಯಾ ಅಂತ. ನೀವೇ ಯೋಳಿದ್ರಂತೆ, ಎಲ್ಡ್ ತಿಂಗ್ಳು ಅಂತ. ಅಲ್ಲಿ ಮಂಚ ಬಿದ್ದಾವೆ ಅಂತ ನಾನೆಂಗೆ ಯೋಳ್ಲಿ? ನೀವೇ ಯೋಳಿ. ಆಮ್ಯಾಕ್ ನಾನ್ ಮಾಡ್ತೀನಿ" ಎಂದ. ಒಂದು ಪೊಟ್ಟಣದಲ್ಲಿ ನಾನು ಅಲ್ಲಾಡಿಸಿದ ಜಾತಿಯ ನಿಂಬೆಹಣ್ಣನ್ನೇ ತುಂಬಿ ತಾಯಿಗೆಂದು ಕೊಟ್ಟ.

ಊರಿಗೆ ಬಂದ ದಿನವೇ ಪೊಟ್ಟಣ ಹಿಡಿದು ನಡೆದೆ. ಅಂದು ದಾರಿಯಲ್ಲಿ 'ಎಲ್ಲಿಗೆ?' ಎಂದವರಿಗೆಲ್ಲ 'ಇಲ್ಲೇ ಒಸಿ' ಎನ್ನದೆ, "ಫಾತಿಮಾಬಿ ಮನೆಗೆ" ಎಂದೆ. ಹಾಗೆ ಹತ್ತು ಜನಕ್ಕೆ ಹೇಳಿದ ಮೇಲೆ ದಾರಿಯಲ್ಲಿ ವಾಪಸು ತಿರುಗುವ ಹಾಗಿರಲಿಲ್ಲ. ಫಾತಿಮಾಬಿ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಮಗ ಸಿಕ್ಕಿದ, ಚೆನ್ನಾಗಿದ್ದಾನೆ ಎಂದೆ. ಅದೇ ಉಸಿರಿನಲ್ಲಿ, ಶೆಡ್ಡು ತೆರೆಯುವುದಿಲ್ಲ, ನಾನು ಹೇಳಿದ್ದು ಸುಳ್ಳು ಎಂದೂ ಹೇಳಿದೆ.

ಅವರು ಮೊರದಿಂದ ತಲೆ ಎತ್ತಲಿಲ್ಲ. "ಮೂರ್ ವರ್ಸದಿಂದ ನಿನ್ ಶೆಡ್ ಕಿಟ್ಕಿನಾಗೆ ಪ್ಯಾಂಟ್ ಒಣಗ್ತಾ ಅವೆ. ನಂಗ್ ಕಣ್ ಕಾಣಾಕಿಲ್ವ? ಮಗಂಗೆ ಬರಾ ಆಸೆ ಓಗ್ಬಾರ್ದು ಅಂತ ಕೇಳ್ತಿದ್ದೆ. ನೀನು ಯಾವಾಗ್ ಬಾಯ್ ಬುಡ್ತೀಯೋ ಅಂತ್ಲೂ ನೋಡ್ತಿದ್ದೆ" ಎಂದರು.

ಆಮೇಲೆ ಪೊಟ್ಟಣ ಬಿಚ್ಚಿ, ಒಂದು ನಿಂಬೆಹಣ್ಣು ಎತ್ತಿ, ಅವರೂ ಕಿವಿಯ ಹತ್ತಿರ ಅಲ್ಲಾಡಿಸಿದರು. ಕೇಳಿದ್ದು ಒಂದೇ ಪ್ರಶ್ನೆ. "ಅವನ್ ಕೈ ಎಂಗವೆ?"

"ವಾಸಿಯಾಗಿವೆ. ಉಗುರು ಬಂದಿವೆ" ಎಂದೆ.

ಅವರು ನಿಂಬೆಹಣ್ಣನ್ನು ಪೊಟ್ಟಣಕ್ಕೆ ಮರಳಿಸಿ, "ಅಂಗಾರೆ ಅಲ್ಲೇ ಇರ್ಲಿ ಬುಡಪ್ಪ. ಫೋನ್ ಮಾಡಾಕ್ ಯೋಳು" ಎಂದು ಮತ್ತೆ ಅಕ್ಕಿ ಆರಿಸತೊಡಗಿದರು.

ಮರಳುಗಾಡಿನ ಪೇಟೆಯಲ್ಲಿ ಏನೇನು ನೋಡಿದಿರಿ ಎಂದು ಜನ ಈಗಲೂ ಕೇಳುತ್ತಾರೆ. ಏಸಿ ಹಾಕಿದ ಬಸ್ ನಿಲ್ದಾಣ, ಚಿನ್ನದ ಅಂಗಿ ಎಂದು ಹೇಳಿ ಬಾಯಿ ತೆರೆಸುತ್ತೇನೆ. ಕೈಯ ವಿಷಯ ಹೇಳುವುದಿಲ್ಲ. ಆದರೆ ಊಟಕ್ಕೆ ಕುಳಿತಾಗ, ಬಿಸಿ ಸಾರಿಗೆ ಬೆರಳದ್ದುವ ಮೊದಲು ಒಮ್ಮೆ ನನ್ನ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತೇನೆ. "ಯಾಕೆ, ಕೈ ತೊಳೆದಿಲ್ವಾ?" ಎಂದು ಹೆಂಡತಿ ಕೇಳುತ್ತಾಳೆ. ತೊಳೆದಿದ್ದೇನೆ ಎನ್ನುತ್ತೇನೆ. ಖಾರ ಸ್ವಲ್ಪವೂ ಉರಿಯುವುದಿಲ್ಲ.